ಗಂಡು ಎಂದು ಬರೆದಿದ್ದ ಹಾಳೆ

ನಮ್ಮ ಮನೆಯಲ್ಲಿ ಒಂದು ಓತಿಕೇತ ಇದೆ. ಹೀಗೆಂದರೆ ಕೇಳಿದವರು ಕಿಟಕಿಯಿಂದ ನುಗ್ಗಿ ಬಂದದ್ದು ಎಂದುಕೊಳ್ಳುತ್ತಾರೆ. ಅಲ್ಲ, ನಾವೇ ಅಂಗಡಿಗೆ ಹೋಗಿ ತಂದದ್ದು. ಇದರ ಮೂಲ ಆಸ್ಟ್ರೇಲಿಯಾ. ಗಂಟಲ ಸುತ್ತ ಮುಳ್ಳುಮುಳ್ಳಾದ ಗಡ್ಡ ಇರುವುದರಿಂದ ಇಲ್ಲಿಯವರು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ಬಾಲವೂ ಸೇರಿದರೆ ಒಂದು ಮೊಳ ಉದ್ದ. ಡ್ರ್ಯಾಗನ್ ಎಂಬ ಹೆಸರಿಗೆ ತಕ್ಕ ಯಾವ ಗುಣವೂ ಇಲ್ಲ. ದಿನವಿಡೀ ಗಾಜಿನ ಪೆಟ್ಟಿಗೆಯಲ್ಲಿ ಶಾಖದ ದೀಪದ ಕೆಳಗೆ ಹೊಟ್ಟೆ ಚಪ್ಪಟೆ ಮಾಡಿಕೊಂಡು ಬಿದ್ದಿರುತ್ತದೆ.

ಮ್ಯಾನ್‌ಹ್ಯಾಟನ್‌ನಿಂದ ಒಂದು ರೈಲಿನ ದೂರದಲ್ಲಿರುವ ಪ್ಲೇನ್ಸ್‌ಬರೋದಲ್ಲಿ ನಮ್ಮದು ನೆಲಮಹಡಿಯ ಅಪಾರ್ಟ್‌ಮೆಂಟ್. ಮಗಳಿಗೆ ಒಂಬತ್ತು ತುಂಬಿದಾಗ ನಾಯಿ ಬೇಕೆಂದು ಹಟ ಹಿಡಿದಳು. ನಾಯಿಗೆ ಬಾಡಿಗೆ ಕರಾರಿನಲ್ಲಿ ಅವಕಾಶವಿಲ್ಲ. ಬೆಕ್ಕು ಎಂದರೆ ನನ್ನ ಗಂಡನಿಗೆ ಮೂಗು ಸೋರುತ್ತದೆ. ಮೀನು ಬೋರಿಂಗ್ ಎಂದು ಅವಳೇ ಹೇಳಿದಳು. ಕೊನೆಗೆ ಯಾರ ತಕರಾರಿಗೂ ಸಿಗದೆ ಉಳಿದದ್ದು ಇದೊಂದು. ನಾನು ಒಪ್ಪಿದ್ದು ಇದು ಸೊಪ್ಪು ತಿನ್ನುತ್ತದೆ ಎಂದು ಅವಳು ಹೇಳಿದ್ದಕ್ಕೆ. ಸೊಪ್ಪಿನ ಜೊತೆಗೆ ಜೀವಂತ ಹುಳವನ್ನೂ ತಿನ್ನುತ್ತದೆ ಎಂಬುದನ್ನು ಕಾರಿನಲ್ಲಿ ಮನೆಗೆ ಬರುವಾಗ ಹೇಳಿದಳು. ಅಷ್ಟು ಹೊತ್ತಿಗೆ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು.

ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಅದಕ್ಕೆ ಒಂದು ಒಪ್ಪಂದವಾಯಿತು. ಕ್ರಿಕೆಟ್ ಎಂಬ ಹುಳದ ಡಬ್ಬ ಹೊರಗೆ, ಹಿಂಬಾಗಿಲ ಜಗಲಿಯಂಥ ಪ್ಯಾಟಿಯೋದಲ್ಲಿ ಇರತಕ್ಕದ್ದು. ಅದು ನಮ್ಮ ಜೀರುಂಡೆಯ ಕಡೆಯ ನೆಂಟ, ಸದ್ದು ಮಾಡುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಮಗಳು ದಿನಕ್ಕೆ ಹತ್ತು ಹುಳವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದು ಚಮಚೆ ಬಿಳಿ ಪುಡಿ ಸುರಿದು ಕುಲುಕಿ, ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಮಾಡಿ ಪೆಟ್ಟಿಗೆಗೆ ಬಿಡುತ್ತಿದ್ದಳು. ಆ ಪುಡಿ ಕ್ಯಾಲ್ಸಿಯಂ. ನಾನು ಆ ಹೊತ್ತಿಗೆ ಬೇರೆ ಕೋಣೆಗೆ ಹೋಗಿಬಿಡುತ್ತಿದ್ದೆ.

ಅಂಗಡಿಯವನು ಇದು ಗಂಡು ಎಂದಿದ್ದ. ಎತ್ತಿ ನೋಡಿ ಹೇಳಿದ್ದಲ್ಲ, ಬಿಲ್ ಮಾಡುತ್ತಾ ಹೇಳಿದ್ದು. ಮಗಳು ಲೈಬ್ರರಿಯಿಂದ ಪುಸ್ತಕ ತಂದು, ನಾವೇ ನೋಡಿ ಖಚಿತ ಮಾಡಿಕೊಳ್ಳಬೇಕೆಂದಳು. ಬಾಲವನ್ನು ಬೆನ್ನಿನ ಕಡೆಗೆ ಮೆಲ್ಲಗೆ ಬಾಗಿಸಿ, ಬಾಲದ ಬುಡಕ್ಕೆ ಟಾರ್ಚ್ ಬಿಡಬೇಕು. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಉಬ್ಬಿದ್ದು, ನಡುವೆ ಹಳ್ಳವಿದ್ದರೆ ಗಂಡು. ನಡುವೆ ಒಂದೇ ಉಬ್ಬಿದ್ದರೆ, ಅಥವಾ ಏನೂ ಇಲ್ಲದೆ ಸಪಾಟಾಗಿದ್ದರೆ ಹೆಣ್ಣು. ತೊಡೆಯ ಒಳಬದಿಯಲ್ಲಿ ಸಾಲಾಗಿ ಚುಕ್ಕೆಗಳಿರುತ್ತವೆ, ಅವು ಗಂಡಿಗೆ ಎದ್ದು ಕಾಣುತ್ತವೆ. ಪುಸ್ತಕದಲ್ಲಿ ಎರಡು ಚಿತ್ರಗಳೂ ಅಕ್ಕಪಕ್ಕ ಇದ್ದವು, ಕುರುಡರಿಗೂ ಗೊತ್ತಾಗುವ ಹಾಗೆ.

ಅಡುಗೆಮನೆಯ ಕಟ್ಟೆಯ ಮೇಲೆ ಟವೆಲ್ ಹಾಸಿದೆವು. ಮಗಳು ಹಿಡಿದುಕೊಂಡಳು. ಗಂಡ ಫೋನಿನ ಟಾರ್ಚ್ ಹಿಡಿದು, ಮುಖವನ್ನು ಮಾತ್ರ ಫ್ರಿಜ್ ಕಡೆಗೆ ತಿರುಗಿಸಿಕೊಂಡು ನಿಂತರು. ಒಂದು ಓತಿಕೇತದ ಮುಂದೆ ಇಷ್ಟು ನಾಚಿಕೆಯೇ ಎಂದು ನಾನು ಗೇಲಿ ಮಾಡಿದೆ. ನಿಜ ಹೇಳಬೇಕೆಂದರೆ ನನಗೂ ಕಸಿವಿಸಿಯಾಗಿತ್ತು. ಗೇಣುದ್ದದ ಮರಿ, ಬಾಲದ ಬುಡ ಪೆನ್ನಿನ ಕಡ್ಡಿಯಷ್ಟು ದಪ್ಪ. ನಾನು ಬಗ್ಗಿ ನೋಡಿದೆ. ಉಬ್ಬು ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು.

"ಎರಡಿದೆ. ಗಂಡೇ," ಎಂದೆ.

ಚಿತ್ರಗಳ ಕೆಳಗೆ ಇನ್ನೊಂದು ಸಾಲಿತ್ತು. ಮರಿಯಲ್ಲಿ ತಿಳಿಯುವುದು ಕಷ್ಟ, ಬೆಳೆದ ಮೇಲೆ ಮತ್ತೊಮ್ಮೆ ನೋಡಿ ಎಂದು. ಅದನ್ನು ನಾನು ಓದಿದ್ದೆ, ಓದಿ ಪುಟ ತಿರುಗಿಸಿದ್ದೆ. ಇದನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಸರಿಯಿದೆ ಎಂದದ್ದನ್ನು ನಂಬದಿರುವುದಕ್ಕೇ ನನಗೆ ಇಷ್ಟು ವರ್ಷ ಸಂಬಳ ಕೊಡುತ್ತಿದ್ದಾರೆ. ಮಾಡದ ಟೆಸ್ಟಿಗೆ ಪಾಸ್ ಎಂದು ಹಾಕಿದ ಒಬ್ಬನನ್ನು ಹತ್ತು ಜನರಿದ್ದ ಮೀಟಿಂಗ್‌ನಲ್ಲಿ ನೀರಿಳಿಸಿದವಳು ನಾನು.

ಮಗಳು ನನ್ನನ್ನೇ ನೋಡಿ ಕಲಿತಿದ್ದಳು. ಒಂದು ಹಾಳೆ ತಯಾರಿಸಿ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದಳು. ಮೇಲೆ ಹೆಸರು, ಹುಟ್ಟಿದ ತಿಂಗಳು, ದಪ್ಪ ಅಕ್ಷರದಲ್ಲಿ ಗಂಡು. ಕೆಳಗೆ ದಿನಕ್ಕೊಂದು ಸಾಲು. ಸೊಪ್ಪಿಗೊಂದು ಚೌಕ, ಹುಳಕ್ಕೊಂದು, ಕ್ಯಾಲ್ಸಿಯಂಗೊಂದು. ಮೊದಲ ದಿನ ಪೆಟ್ಟಿಗೆಗೆ ಹುಳ ಬಿಟ್ಟ ಕೂಡಲೇ ಟಿಕ್ ಹಾಕಲು ಹೋದಳು. ನಾನು ತಡೆದೆ.

"ಹಾಕಿದೆ ಅಂತ ಟಿಕ್ ಮಾಡಬಾರದು ಕಣೇ. ಅದು ತಿಂದಿದ್ದನ್ನ ಕಣ್ಣಾರೆ ನೋಡ್ಬೇಕು. ಆಮೇಲೆ ಟಿಕ್."

ಅವಳು ಅದನ್ನು ವೇದವಾಕ್ಯದಂತೆ ಹಿಡಿದುಕೊಂಡಳು. ಸ್ಕೂಲ್ ಬಸ್ಸಿಗೆ ಹೊತ್ತಾದರೂ ಸರಿ, ಕೊನೆಯ ಹುಳ ಹೋಗುವವರೆಗೆ ಪೆನ್ನು ಹಿಡಿದು ಕೂತಿರುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅತ್ತೆ ಮೈಸೂರಿನಿಂದ ಆರು ತಿಂಗಳಿಗೆ ಬಂದರು. ಬಂದ ದಿನ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ನೋಡಿ "ಕೃಷ್ಣ ಕೃಷ್ಣ" ಎಂದು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಮರುದಿನ ಸೂಟ್‌ಕೇಸಿನಿಂದ ಪಂಚಾಂಗ ತೆಗೆದು, ಇದು ಮೈಮೇಲೆ ಬಿದ್ದರೆ ಏನು ಫಲ ಎಂದು ಹುಡುಕಿದರು. ಹಲ್ಲಿ ಗಂಡಸಿನ ಬಲಗಡೆ ಬಿದ್ದರೆ ಏನು, ಹೆಂಗಸಿನ ಎಡಗಡೆ ಬಿದ್ದರೆ ಏನು, ನೆತ್ತಿಗೆ ಏನು, ಭುಜಕ್ಕೆ ಏನು ಎಂದು ಇಡೀ ಪುಟ ಇತ್ತು. ಬಿದ್ದ ಹಲ್ಲಿ ಗಂಡೋ ಹೆಣ್ಣೋ ಎಂದು ಮಾತ್ರ ಎಲ್ಲೂ ಕೇಳಿರಲಿಲ್ಲ. ಇಷ್ಟು ಕಾಲ ಅದರ ಜೊತೆ ಒಂದೇ ಸೂರಿನ ಕೆಳಗಿದ್ದು, ನಾವು ವಿಚಾರಿಸಿಕೊಂಡದ್ದು ನಮ್ಮ ಬಗ್ಗೆ ಮಾತ್ರ.

ನಾನು ಚಿಕ್ಕವಳಿದ್ದಾಗ ಊರಲ್ಲಿ ನಮ್ಮ ಬೀದಿಯ ಮಕ್ಕಳು ಬೇಲಿಯ ಓತಿಕೇತಕ್ಕೆ ಕಲ್ಲು ಹೊಡೆಯುತ್ತಿದ್ದುದು ನೆನಪಿದೆ. ಅದು ತಲೆ ಆಡಿಸಿ ನಮ್ಮನ್ನು ಅಣಕಿಸುತ್ತದೆ ಎಂಬುದು ಅದರ ಮೇಲಿದ್ದ ಆರೋಪ. ನಾನು ಹೊಡೆದವಳಲ್ಲ, ಕಲ್ಲು ಆರಿಸಿ ಕೊಟ್ಟವಳು.

ಅತ್ತೆಯ ಭಯ ವಾರದೊಳಗೆ ಹೋಯಿತು. ಗಂಡ ಬೆಳಿಗ್ಗೆಯೇ ರೈಲು ಹಿಡಿದು ಮ್ಯಾನ್‌ಹ್ಯಾಟನ್‌ಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಮನೆಯಲ್ಲೇ ಇದ್ದರೂ ಕಿವಿಗೆ ಹೆಡ್‌ಫೋನ್ ಹಾಕಿ ಬಾಗಿಲು ಹಾಕಿಕೊಂಡಿರುತ್ತೇನೆ. ಅತ್ತೆಗೆ ಹಗಲಲ್ಲಿ ಮಾತಾಡಲು ಸಿಕ್ಕ ಜೀವ ಅದೊಂದೇ. ಬತ್ತಿ ಹೊಸೆಯುತ್ತಾ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. "ಏನಪ್ಪಾ, ಊಟ ಆಯ್ತೇನಪ್ಪಾ? ಏನು ಬಿಸಿಲು ಕಾಯಿಸ್ತಿದೀಯೋ ರಾಜ?" ಎಂದು ಅವರು ಕೇಳುವುದು ನನ್ನ ಮೀಟಿಂಗ್‌ಗಳ ನಡುವೆ ಕೇಳಿಸುತ್ತಿತ್ತು.

ಜುಲೈ ಕೊನೆಗೆ ಮಗಳು ನಾಲ್ಕು ವಾರದ ಸಮ್ಮರ್ ಕ್ಯಾಂಪಿಗೆ ಹೊರಟಳು. ಅಲ್ಲಿಗೆ ಫೋನ್ ಒಯ್ಯುವಂತಿಲ್ಲ. ಹೊರಡುವ ಮೊದಲು ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಎಲ್ಲವನ್ನೂ ತೋರಿಸಿಕೊಟ್ಟಳು. ಯಾವ ಸೊಪ್ಪು, ಎಷ್ಟು ಹುಳ, ಎಷ್ಟು ಪುಡಿ. ಹೊಸ ಹಾಳೆಯನ್ನೂ ಅಂಟಿಸಿದ್ದಳು.

"ಪ್ರಾಮಿಸ್ ಮಾಡು ಅಮ್ಮಾ. ಎವ್ರಿ ಡೇ."

"ಪ್ರಾಮಿಸ್," ಎಂದೆ.

ಅವಳು ಹೋದ ಎರಡನೆಯ ದಿನಕ್ಕೆ ಶ್ರಾವಣ ಶುರುವಾಯಿತು. ಅತ್ತೆ ಸ್ನಾನ ಮಾಡಿ ಬಂದು, ನಾನು ಪ್ಯಾಟಿಯೋ ಬಾಗಿಲು ತೆರೆಯುವ ಹೊತ್ತಿಗೆ ಪಕ್ಕದಲ್ಲಿ ನಿಂತರು.

"ನಾನಿರೋ ಅಷ್ಟು ದಿನಾನೂ ಬೇಡ ಅನ್ನಲ್ಲಮ್ಮಾ. ಇದೊಂದು ತಿಂಗಳು ಮಾತ್ರ ಮನೆಯೊಳಗೆ ಜೀವ ತೆಗೆಯೋದು ಬೇಡ. ಸೊಪ್ಪು ತಿನ್ನತ್ತಲ್ಲ ಅದು?"

ಅತ್ತೆ ಅಪ್ಪಣೆ ಮಾಡಲಿಲ್ಲ, ಕೇಳಿಕೊಂಡರು. ನಾನು ಸ್ವಲ್ಪವೂ ವಾದಿಸಲಿಲ್ಲ. ಅತ್ತೆಯ ಮಾತಿಗೆ ಬೆಲೆ ಕೊಟ್ಟೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ಹಿಂದಿನ ದಿನ ಆ ಹುಳಗಳು ಚೀಲದೊಳಗೆ ಪಟಪಟ ಬಡಿಯುವುದು ನನ್ನ ಅಂಗೈಗೆ ತಾಗಿದಾಗಲೇ ಚೀಲ ಬಿಟ್ಟು ಓಡಬೇಕೆನಿಸಿತ್ತು. ಶ್ರಾವಣ ನನಗೆ ರಜೆಯಂತೆ ಬಂತು. ಡಬ್ಬವನ್ನು ಹಿಂದಿನ ಪೊದೆಯ ಹತ್ತಿರ ಒಯ್ದು ಬಗ್ಗಿಸಿದೆ. ಅಷ್ಟೂ ಜೀವಗಳು ಹಾರಿಕೊಂಡು ಹೋದವು. ಅತ್ತೆ ಕಿಟಕಿಯಿಂದ ನೋಡಿ ಕೈ ಮುಗಿದರು.

ಸೊಪ್ಪನ್ನು ಧಾರಾಳವಾಗಿ ಹಾಕಿದೆ. ಮಗಳು ಬರೆದಿಟ್ಟಿದ್ದ ಕಾಲರ್ಡ್ ಸೊಪ್ಪು ಎರಡು ದಿನಕ್ಕೆ ಮುಗಿಯಿತು. ಅದಕ್ಕೆಂದೇ ಇನ್ನೊಂದು ಅಂಗಡಿಗೆ ಯಾರು ಹೋಗುತ್ತಾರೆ? ಮನೆಯಲ್ಲಿ ಕಂತೆಗಟ್ಟಲೆ ಪಾಲಕ್ ಇತ್ತು. ಸಾರಿಗೆ ಹೆಚ್ಚುವಾಗಲೇ ಒಂದು ಹಿಡಿ ಅದಕ್ಕೂ ಹೆಚ್ಚಿ ಹಾಕಿದೆ. ನಮ್ಮಲ್ಲಿ ಪಾಲಕ್ ಎಂದರೆ ಶಕ್ತಿ. ಅದು ಈ ಪ್ರಾಣಿಯ ಮೈಗೆ ಕ್ಯಾಲ್ಸಿಯಂ ಸೇರದಂತೆ ಹಿಡಿದಿಡುತ್ತದೆ ಎಂದು ಆಮೇಲೆ ತಿಳಿಯಿತು. ಬಿಳಿ ಪುಡಿಯ ವಿಷಯ ನನ್ನ ತಲೆಗೇ ಬರಲಿಲ್ಲ. ಹುಳ ಇಲ್ಲದ ಮೇಲೆ ಪುಡಿ ಹಚ್ಚುವುದು ಯಾವುದಕ್ಕೆ? ಹುಳವೂ ಹೋಯಿತು, ಪುಡಿಯೂ ಹೋಯಿತು.

ಹಾಳೆಯ ವಿಷಯ. ಶ್ರಾವಣದ ಮೊದಲ ದಿನ ಸೊಪ್ಪಿನ ಚೌಕಕ್ಕೆ ಮಾತ್ರ ಟಿಕ್ ಹಾಕಿದೆ. ಉಳಿದೆರಡು ಖಾಲಿ ಚೌಕಗಳು ನನ್ನನ್ನು ನೋಡುತ್ತಿದ್ದವು. ಮಗಳು ಬಂದು ಕೇಳಿದರೆ ಅಜ್ಜಿಯ ಮೇಲೆ ಸಿಟ್ಟಾಗುತ್ತಾಳೆ, ಅಜ್ಜಿಗೆ ನೋವಾಗುತ್ತದೆ, ಸುಮ್ಮನೆ ರಾದ್ಧಾಂತ ಯಾಕೆ ಎಂದು ಯೋಚಿಸಿದೆ. ಅವಳು ಬರುವ ಮುಂಚೆ ಒಂದೆರಡು ದಿನ ಹುಳ ತಂದು ಹಾಕಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಮೂರೂ ಚೌಕಕ್ಕೆ ಟಿಕ್ ಹಾಕಿದೆ. ಮರುದಿನವೂ ಹಾಕಿದೆ. ಮೂರನೆಯ ದಿನದಿಂದ ಯೋಚನೆಯನ್ನೂ ಮಾಡಲಿಲ್ಲ.

ಎರಡು ವಾರವಾದ ಮೇಲೆ ಅದು ತಿನ್ನುವುದು ಕಡಿಮೆಯಾಯಿತು. ಮೂಲೆಯಲ್ಲಿ ಮುಂಗಾಲಿನಿಂದ ಪರಪರ ಕೆರೆಯುತ್ತಿತ್ತು. ಗಾಜಿಗೆ ಉಗುರು ತಾಗುವ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು. ಅದೂ ಶ್ರಾವಣದ ಉಪವಾಸ ಹಿಡಿದಿದೆ ಎಂದು ನಾನು ತಮಾಷೆ ಮಾಡಿದೆ. ಅತ್ತೆ ನಗಲಿಲ್ಲ.

"ಇದು ಗಂಡಲ್ಲ ಅನ್ಸತ್ತೆ ಕಣೇ," ಎಂದರು ಒಂದು ಮಧ್ಯಾಹ್ನ. "ದಿನಾ ನೋಡ್ತಾ ಇದೀನಲ್ಲ. ಅಲ್ಲಿ ತೋಡತ್ತೆ, ಇಲ್ಲಿ ತೋಡತ್ತೆ, ಸುಸ್ತಾಗಿ ಕೂರತ್ತೆ, ಮತ್ತೆ ಎದ್ದು ತೋಡತ್ತೆ. ಜಾಗ ಹುಡುಕ್ತಾ ಇದೆ. ಹೊಟ್ಟೆ ನೋಡು, ಎರಡು ಕಡೆ ಹೇಗೆ ತುಂಬ್ಕೊಂಡಿದೆ."

"ಅತ್ತೆ, ಅಂಗಡಿಯವ್ರೇ ಗಂಡು ಅಂದಿದಾರೆ. ನಾನೂ ನೋಡಿದೀನಿ. ಒಂದೇ ಇರೋದು ಬೇರೆ, ಜೋಡೀನೇ ಇಲ್ಲ. ಎಲ್ಲಿಂದ ಬಸುರಾಗತ್ತೆ?"

ನನ್ನ ದನಿಯಲ್ಲಿ ಸಿಡುಕಿತ್ತು. ಹತ್ತು ನಿಮಿಷದಲ್ಲಿ ನನಗೆ ಮೀಟಿಂಗ್ ಇತ್ತು. ಅತ್ತೆ "ನಿಮಗೇ ಗೊತ್ತಿರತ್ತೆ ಬಿಡಮ್ಮಾ" ಎಂದು ಬತ್ತಿಯ ತಟ್ಟೆ ಎತ್ತಿಕೊಂಡು ಹೋದರು. ಅವರು ದಿನವೂ ಗಂಟೆಗಟ್ಟಲೆ ನೋಡಿ ಹೇಳಿದ್ದರು. ನಾನು ಎರಡು ವರ್ಷದ ಹಿಂದೆ ಅರ್ಧ ನಿಮಿಷ ನೋಡಿದ್ದೆ. ಆದರೂ ಗೆದ್ದದ್ದು ನಾನು.

ಕ್ಯಾಂಪಿನಿಂದ ಮಗಳು ಅಂದುಕೊಂಡದ್ದಕ್ಕಿಂತ ಒಂದು ದಿನ ಮೊದಲೇ ಬಂದಳು. ಗೆಳತಿಯ ಅಪ್ಪ ಅಮ್ಮ ಕರೆದುಕೊಂಡು ಬಂದು ಬಿಟ್ಟರು. ನಾನು ಹುಳ ತರಲು ಹೋಗಬೇಕೆಂದಿದ್ದ ಶನಿವಾರ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದಳು. ಶೂ ಕೂಡ ಬಿಚ್ಚದೆ ಪೆಟ್ಟಿಗೆಯ ಹತ್ತಿರ ಓಡಿದಳು. ಅದು ತಲೆ ಎತ್ತಲಿಲ್ಲ. ಹಿಂಗಾಲಿನ ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಎರಡು ದಿನದಿಂದ ಹಾಗೆ ಮಲಗಿತ್ತು, ನಾನು ನಿದ್ದೆ ಎಂದುಕೊಂಡಿದ್ದೆ.

"ಅಮ್ಮಾ, ಸಮ್‌ಥಿಂಗ್ ಈಸ್ ರಾಂಗ್ ವಿತ್ ಹಿಮ್," ಎಂದಳು. ಆಮೇಲೆ ಹಾಳೆ ಕಿತ್ತು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಓದಿದಳು. ಒಂದೂ ಬಿಡದೆ ಎಲ್ಲ ಚೌಕಗಳೂ ತುಂಬಿದ್ದವು. ನನ್ನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. "ಯೂ ಡಿಡ್ ಎವ್ರಿಥಿಂಗ್ ರೈಟ್," ಎಂದು ನನಗೇ ಸಮಾಧಾನ ಹೇಳಿದಳು.

ಆಗಲೇ ಹೇಳಬೇಕಿತ್ತು. ಕಾರಿನ ಕೀ ಹುಡುಕುವುದರಲ್ಲಿ ಬಹಳ ಬಿಜಿಯಾದೆ.

ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರು ಸಮರ್‌ಸೆಟ್ ಹತ್ತಿರ ಒಬ್ಬರಿದ್ದರು. ಗಂಡ ಅವತ್ತು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ನಾನು ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಮಗಳು ಅದನ್ನು ಹಾಕಿದ್ದ ಸಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಹಾಳೆಯನ್ನು ಫೋಲ್ಡರಿನಲ್ಲಿ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಅತ್ತೆ. ನೀವು ಮನೆಯಲ್ಲೇ ಇರಿ ಎಂದರೂ ಕೇಳದೆ ಚಪ್ಪಲಿ ಮೆಟ್ಟಿ ಬಂದಿದ್ದರು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ನಿಧಾನವಾಗಿ ಮಾತಾಡುತ್ತಿದ್ದರು. ಪ್ರಾಣಿಯನ್ನು ಅಂಗೈ ಮೇಲೆ ತೆಗೆದುಕೊಂಡು, ಬಾಲವನ್ನು ಮೆಲ್ಲಗೆ ಎತ್ತಿ, ಒಂದು ಕ್ಷಣ ನೋಡಿದರು.

"ಇವನು ಅಂತ ನಿಮಗೆ ಯಾರು ಹೇಳಿದ್ದು? ಇವಳು ಹೆಣ್ಣು," ಎಂದು ಇಂಗ್ಲಿಷಿನಲ್ಲಿ ಹೇಳಿ, ಮಗಳನ್ನೂ ನನ್ನನ್ನೂ ಹತ್ತಿರ ಕರೆದು ತೋರಿಸಿದರು. ನಡುವೆ ಒಂದೇ ಮಿದುವಾದ ಉಬ್ಬು. ಎರಡು ಕಡೆ ಏನೂ ಇಲ್ಲ. ತೊಡೆಯ ಚುಕ್ಕೆಗಳು ಇದ್ದೂ ಇಲ್ಲದಂತೆ ಸಣ್ಣಗಿದ್ದವು. ಪುಸ್ತಕದ ಎರಡನೆಯ ಚಿತ್ರವೇ ನನ್ನ ಮುಂದಿತ್ತು. ಗಂಡಿನ ಸಹವಾಸವಿಲ್ಲದೆಯೂ ಇವು ಮೊಟ್ಟೆ ಕಟ್ಟಿಕೊಳ್ಳುತ್ತವೆ, ಕೋಳಿಗಳ ಹಾಗೆ, ಎಂದರು. ನಾನು ಅತ್ತೆಯ ಮುಖ ನೋಡಲಿಲ್ಲ.

ಎಕ್ಸ್-ರೇಯಲ್ಲಿ ಹೊಟ್ಟೆಯ ತುಂಬ ನೇರಳೆ ಹಣ್ಣಿನ ಗಾತ್ರದ ದುಂಡುಗಳು ಒತ್ತೊತ್ತಾಗಿ ಕಂಡವು. ಡಾಕ್ಟರು ಅದನ್ನು ನೋಡಿ, ಆಮೇಲೆ ಮಗಳು ಚಾಚಿದ ಹಾಳೆಯನ್ನು ತೆಗೆದುಕೊಂಡು ಓದಿದರು. ಎಷ್ಟು ಚೆನ್ನಾಗಿ ದಾಖಲೆ ಇಟ್ಟಿದ್ದೀಯ ಎಂದು ಅವಳನ್ನು ಹೊಗಳಿದರು. ಆಮೇಲೆ ನನ್ನ ಕಡೆ ತಿರುಗಿದರು.

ಅವರು ಹೇಳಿದ್ದರ ಸಾರಾಂಶ ಇಷ್ಟು. ಸಾಮಾನ್ಯವಾಗಿ ಹೀಗೆ ನಡುಗುವುದು, ಮೊಟ್ಟೆ ಇಡಲಾಗದಿರುವುದು ಕ್ಯಾಲ್ಸಿಯಂ ಸಾಲದೆ. ಅದು ಸಾಲದಿದ್ದರೆ ಮೊಟ್ಟೆ ಹೊರಗೆ ತಳ್ಳುವ ಬಲವೇ ಇರುವುದಿಲ್ಲ. ಆದರೆ ಇವಳಿಗೆ ದಿನವೂ ತಪ್ಪದೆ ಸಿಕ್ಕಿದೆ. ಹಾಗಿದ್ದ ಮೇಲೆ ಒಳಗೆ ಮೊಟ್ಟೆ ಸಿಕ್ಕಿಹಾಕಿಕೊಂಡಿರಬೇಕು, ಅಥವಾ ಕಿಡ್ನಿ ಕೆಟ್ಟಿರಬೇಕು. ರಕ್ತದ ವರದಿ ಬರುವುದು ಸೋಮವಾರ, ಅಲ್ಲಿಯವರೆಗೆ ಕಾಯುವುದು ಅಪಾಯ. ಇವತ್ತೇ ಹೊಟ್ಟೆ ಕೊಯ್ದು ತೆಗೆಯುವುದು ಒಳ್ಳೆಯದು. ಇಷ್ಟು ಸೋತಿರುವಾಗ ಆಪರೇಷನ್ ಟೇಬಲ್ಲಿನಿಂದ ಎದ್ದೇಳುತ್ತಾಳೆ ಎಂದು ಮಾತು ಕೊಡಲಾರೆ.

ಮಗಳು ತಲೆಯಾಡಿಸಿದಳು. ಸಹಿ ಮಾಡುವ ಕಾಗದವನ್ನು ಪೆನ್ನಿನ ಜೊತೆ ನನ್ನ ಮುಂದೆ ಇಟ್ಟರು.

ಆ ಒಂದೆರಡು ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮಗಳನ್ನು ಅಜ್ಜಿಯ ಜೊತೆ ನೀರು ಕುಡಿಯಲು ಕಳಿಸಿ, ಡಾಕ್ಟರಿಗೆ ಗುಟ್ಟಾಗಿ ಹೇಳಬಹುದು. ಫೋನ್ ಬಂದಂತೆ ನಟಿಸಿ ಹೊರಗೆ ಕರೆಯಬಹುದು. ಪುಡಿ ಹಳೆಯದಾಗಿರಬಹುದು ಎಂದು ಕಂಪನಿಯ ಮೇಲೆ ಹಾಕಬಹುದು. ಒಂದು ಸುಳ್ಳು ಉಳಿಸಿಕೊಳ್ಳಲು ಎಷ್ಟೊಂದು ದಾರಿಗಳು! ಅಷ್ಟರಲ್ಲಿ ಮೇಜಿನ ಮೇಲೆ ಅದು ಮುಂಗಾಲನ್ನು ನಿಧಾನವಾಗಿ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಇಳಿಸಿತು. ಇವು ಶರಣಾದಾಗ ಹಾಗೆ ಕೈ ಬೀಸುತ್ತವೆ ಎಂದು ಮಗಳು ಒಮ್ಮೆ ಹೇಳಿದ್ದಳು. ನನಗೆ ಅಳು ಬಂತು.

"ಆ ಟಿಕ್‌ಗಳು ಸುಳ್ಳು," ಎಂದೆ ಇಂಗ್ಲಿಷಿನಲ್ಲಿ. "ನಾಲ್ಕು ವಾರದಿಂದ ಹುಳ ಕೊಟ್ಟಿಲ್ಲ. ಕ್ಯಾಲ್ಸಿಯಂ ಒಂದು ದಿನವೂ ಕೊಟ್ಟಿಲ್ಲ. ಬರೀ ಸೊಪ್ಪು, ಅದೂ ಪಾಲಕ್. ಟಿಕ್ ಹಾಕಿದ್ದು ನಾನು."

ಡಾಕ್ಟರು ಬೈಯಲಿಲ್ಲ. ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಗಳು ನನ್ನನ್ನು ನೋಡುತ್ತಿದ್ದಳು. ಅದು ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಾನು ಹೇಳಿದ್ದು ಅರ್ಥವಾಗದವಳಂತೆ ನೋಡುತ್ತಿದ್ದಳು.

ಅತ್ತೆಗೆ ಇಂಗ್ಲಿಷ್ ಅಷ್ಟಿಷ್ಟು ತಿಳಿಯುತ್ತದೆ. ವಿಷಯ ಏನೆಂದು ಅವರಿಗೆ ಗೊತ್ತಾಯಿತು. ಮೊಮ್ಮಗಳ ಕೈ ಹಿಡಿದು "ನಾನೇ ಪುಟ್ಟಾ ಹುಳ ಬೇಡ ಅಂದಿದ್ದು. ಶ್ರಾವಣ ಅಂತ. ಅಮ್ಮನ್ನ ಅನ್ಬೇಡ" ಎಂದರು.

"ಹುಳ ಬೇಡ ಅಂದಿದ್ದು ನೀವು ಅತ್ತೆ," ಎಂದೆ ನಾನು. "ಪುಡಿ ಮರೆತಿದ್ದು ನಾನು. ಟಿಕ್ ಹಾಕಿದ್ದೂ ನಾನು."

ಆಪರೇಷನ್ ಮುಂದಕ್ಕೆ ಹೋಯಿತು. ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಸೂಜಿಯಿಂದ ಚರ್ಮದ ಕೆಳಗೆ ಸಲೈನ್ ನೀರು ಹಾಕಿದರು, ಬಾಯಿಗೆ ತೊಟ್ಟು ತೊಟ್ಟಾಗಿ ಹಾಕಲು ಔಷಧಿ ಕೊಟ್ಟರು. ತೋಡಲು ಒದ್ದೆ ಮರಳಿನ ಟಬ್ ಇಡಿ, ಬೆಚ್ಚಗಿಡಿ, ಗಲಾಟೆ ಬೇಡ, ಮೂರು ದಿನ ನೋಡೋಣ, ಆಗದಿದ್ದರೆ ಕೊಯ್ಯುವುದೇ ಎಂದರು. ನಾನು ಬಾಯಿ ಬಿಡದಿದ್ದರೆ ಆ ಹೊತ್ತಿಗೆ ಏನಾಗಿರುತ್ತಿತ್ತೋ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದ ಮೇಲೆ ಯಜಮಾನಿಕೆ ಅತ್ತೆಯ ಕೈಗೆ ಹೋಯಿತು. ಅವರು ಎಷ್ಟು ಬಾಣಂತನ ಮಾಡಿದವರೋ, ಅಷ್ಟೂ ಅನುಭವವನ್ನು ಆ ಗಾಜಿನ ಪೆಟ್ಟಿಗೆಯ ಮುಂದೆ ತಂದಿಟ್ಟರು. ನಾನು ಕಲಸಿದ ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ನೀರು ಹೆಚ್ಚಾಯಿತು ಎಂದು ಮತ್ತೆ ಮರಳು ಸೇರಿಸಿದರು. ತಮ್ಮ ಹಳೆಯ ವಾಯಿಲ್ ಸೀರೆಯನ್ನು ಹರಿದು ಪೆಟ್ಟಿಗೆಯ ಮೂರು ಕಡೆ ಪರದೆ ಕಟ್ಟಿದರು. ಮಗಳು ಗಾಜಿಗೆ ಮೂಗು ಒತ್ತಿ ಕೂತಿದ್ದರೆ "ಎಲ್ಲರೂ ಹೀಗೆ ಕಣ್ಣು ಬಿಟ್ಕೊಂಡು ನೋಡ್ತಿದ್ರೆ ಯಾರಿಗೆ ಹೆರಿಗೆ ಆಗತ್ತೆ? ಏಳು, ಸ್ವಲ್ಪ ಉಣ್ಣು" ಎಂದು ಎಬ್ಬಿಸಿದರು. "ಏನಪ್ಪಾ" ಹೋಗಿ "ಏನಮ್ಮಾ, ಏನು ತಾಯಿ" ಬಂತು.

ಹುಳದ ವಿಷಯವನ್ನು ನಾನು ಎತ್ತಲು ಹಿಂಜರಿದೆ. ಶ್ರಾವಣ ಇನ್ನೂ ನಾಲ್ಕು ದಿನವಿತ್ತು. ಅತ್ತೆಯೇ ಬ್ಯಾಗ್ ತಂದು ನನ್ನ ಕೈಗೆ ಕೊಟ್ಟರು.

"ಹೋಗು, ಹುಳ ತಗೊಂಡ್ ಬಾ. ಬಸುರಿಗೆ ಯಾವ ವ್ರತ? ಪಾಪ ಬಂದ್ರೆ ನನಗೆ ಬರ್ಲಿ."

ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಬಡಿಸಿದರೆ ತಿನ್ನುತ್ತಿದ್ದಳು, ಕೇಳಿದ್ದಕ್ಕೆ ಹೂಂ ಉಹೂಂ ಎನ್ನುತ್ತಿದ್ದಳು. ಭಾನುವಾರ ಗಂಡ ಬಂದು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋಗಿ ಸೋತರು. ಆ ಪ್ರಾಣಿ ಸತ್ತರೆ ಈ ಮಾತು ಯಾವತ್ತಿಗೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾವ ದೇವರಿಗೆ ಏನೆಂದು ಹರಕೆ ಹೊರುವುದು ಎಂದೂ ತಿಳಿಯಲಿಲ್ಲ. ಸುಮ್ಮನೆ ಪೆಟ್ಟಿಗೆಯ ದೀಪ ಆರಿಲ್ಲವಷ್ಟೇ ಎಂದು ಹತ್ತು ಸಲ ನೋಡುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಅತ್ತೆ ಬಾಗಿಲು ತಟ್ಟದೆ ಒಳಗೆ ಬಂದರು. ಕೈ ಮಾಡಿ ಕರೆದರು. ನಾನು ಹೆಡ್‌ಫೋನ್ ಕಿತ್ತು ಹೋದೆ. ಪರದೆಯ ಸಂದಿಯಲ್ಲಿ ಮಗಳು ಬಗ್ಗಿ ನೋಡುತ್ತಿದ್ದಳು. ಮರಳಿನಲ್ಲಿ ಅರ್ಧ ಮುಳುಗಿ, ಬೆನ್ನು ಮಾತ್ರ ಕಾಣುವಂತೆ ಅದು ಕೂತಿತ್ತು. ಸಂಜೆ ಐದರ ಹೊತ್ತಿಗೆ ಹೊರಬಂತು. ಹೊಟ್ಟೆ ಖಾಲಿ ಚೀಲದ ಹಾಗೆ ಜೋತಿತ್ತು. ಮರಳೊಳಗೆ ಹದಿನೆಂಟು ಮೊಟ್ಟೆಗಳಿದ್ದವು.

"ಇವು ಮರಿಯಾಗತ್ವಾ ಪುಟ್ಟಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅಜ್ಜಿ. ಅಪ್ಪ ಇಲ್ವಲ್ಲ, ಮರಿ ಬರಲ್ಲ."

"ಸುಮ್ನೆ ಇಷ್ಟು ಕಷ್ಟ ಪಟ್ಟಳಲ್ಲ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮೊಟ್ಟೆಗಳನ್ನು ಕಸಕ್ಕೆ ಹಾಕಲು ಬಿಡಲಿಲ್ಲ. ಎಂದೂ ಮೊಟ್ಟೆ ಮುಟ್ಟದವರು, ಒಂದೊಂದನ್ನೇ ಎಲೆಯ ಮೇಲೆ ತೆಗೆದು, ನಾನು ಹುಳ ಬಿಟ್ಟಿದ್ದ ಪೊದೆಯ ಬುಡದಲ್ಲಿ ಮಣ್ಣು ಮುಚ್ಚಿ ಬಂದರು.

ವಾರ ಕಳೆದ ಮೇಲೆ ಮಗಳು ಹೊಸ ಹಾಳೆ ಅಂಟಿಸಿದಳು. ಮೇಲೆ ದಪ್ಪ ಅಕ್ಷರದಲ್ಲಿ ಹೆಣ್ಣು ಎಂದಿತ್ತು. ಹಳೆಯ ಹಾಳೆಯನ್ನು ಏನು ಮಾಡಿದಳೋ ಕೇಳುವ ಧೈರ್ಯವಾಗಲಿಲ್ಲ. ಅವತ್ತು ಹುಳ ಹಾಕುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಚೀಲಕ್ಕೆ ಹತ್ತು ಹುಳ ಹಾಕಿ, ಪುಡಿ ಸುರಿದು, ಅಂಗೈಗೆ ಬಡಿಯುವುದನ್ನು ಸಹಿಸಿಕೊಂಡು ಕುಲುಕಿ, ಪೆಟ್ಟಿಗೆಗೆ ಬಿಟ್ಟೆ. ಹಾಳೆಯ ಮುಂದೆ ನಿಂತು ಪೆನ್ನಿಗೆ ಕೈ ಚಾಚಿದೆ.

ಮಗಳು ಪೆನ್ನನ್ನು ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತಳು.

"ಮೊದಲು ಅವಳು ತಿನ್ಲಿ ಅಮ್ಮಾ," ಎಂದಳು. "ನೋಡೋಣ."

ನಾನೂ ಕೂತೆ. ಹತ್ತನೆಯ ಹುಳ ಕಲ್ಲಿನ ಹಿಂದೆ ಅಡಗಿಕೊಂಡು ಬಹಳ ಹೊತ್ತು ಸತಾಯಿಸಿತು. ಇಬ್ಬರೂ ಏಳಲಿಲ್ಲ.